ಖಾಲಿ ಮಂಚದ ಮೊದಲ ಮಧ್ಯಾಹ್ನ

ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷಕ್ಕೆ ಟೈಲರಮ್ಮ ಖಾಲಿ ಮಂಚದ ಮೇಲಿದ್ದ ದಿಂಬನ್ನು ಎಡಮಗ್ಗುಲಿಗೆ ಹೊರಳಿಸುತ್ತಿದ್ದಳು. ಹಾಸಿಗೆ ಹಿಡಿದ ಅತ್ತೆಗೆ ಮೈಹುಣ್ಣಾಗದಿರಲೆಂದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾ ಏಳು ವರ್ಷ ಕಳೆದಿತ್ತು. ಅಷ್ಟೂ ಕಾಲ ಅವಳು ಒಂದು ಪೂರ್ತಿ ನಿದ್ದೆ ಕಂಡಿರಲಿಲ್ಲ. ಅತ್ತೆ ಬೆಳಿಗ್ಗೆಯೇ ನಾಲ್ಕು ದಿನದ ಮಟ್ಟಿಗೆ ಆರೈಕೆ ಕೇಂದ್ರಕ್ಕೆ ಹೋಗಿದ್ದಾರೆಂಬುದು ಅವಳ ಕೈಗಳಿಗೆ ಇನ್ನೂ ತಿಳಿದಿರಲಿಲ್ಲ.

ಒಬ್ಬಳೇ ನಕ್ಕಳು. ಕಿಟಕಿಯ ಪರದೆ, ಮನೆಯೇ ಉಸಿರಾಡುತ್ತಿರುವಂತೆ, ಉಬ್ಬಿ ಇಳಿಯುತ್ತಿತ್ತು. ಹೊಲಿಗೆ ಯಂತ್ರದ ಮೇಲಿನ ನೀಲಿ ಬಟ್ಟೆ ಬಿಸಿಲಲ್ಲಿ ನೀರಿನ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ನಾದಿನಿಯ ಫೋನು. "ಏನತ್ತಿಗೆ, ನಮ್ಮಮ್ಮನ್ನ ಸಾಗಹಾಕಿ ಹಾಯಾಗಿದ್ದೀರಾ?"

ಈಗಲೇ ಹೋಗಿ ಕರೆತಂದುಬಿಡೋಣವೆಂದು ಚಪ್ಪಲಿ ಮೆಟ್ಟಿಯೇ ಕೇಂದ್ರಕ್ಕೆ ಫೋನ್ ಮಾಡಿದಳು. ಅಲ್ಲಿನ ದಾದಿ ಫೋನನ್ನು ಅತ್ತೆಯ ಕಿವಿಗೇ ಹಿಡಿದಳು.

"ಅತ್ತೆ, ಕರ್ಕೊಂಡ್ಹೋಗಕ್ಕೆ ಈಗ್ಲೇ ಬಂದೆ."

"ನಿಂಗೆ ಬೇರೆ ಕೆಲ್ಸ ಇಲ್ವೇನೆ? ಇಲ್ಲಿ ಯಾರೂ ನನ್ನ ಎಬ್ಬಿಸಿ 'ನಿದ್ದೆ ಬಂತಾ' ಅಂತ ಕೇಳಲ್ಲ. ನಾಲ್ಕು ದಿನ ಅಂದ್ರೆ ನಾಲ್ಕು ದಿನ. ನೀನೂ ಬಿದ್ಕೋ ಹೋಗು!"

ಚಪ್ಪಲಿ ಕಳಚಿ, ಒಂದು ಗಳಿಗೆ ಎಂದುಕೊಂಡು ಅತ್ತೆಯ ಮಂಚದ ಮೇಲೆ ತಲೆಯಿಟ್ಟಳು. ನೀಲಿ ಬಟ್ಟೆ ಮೆಲ್ಲಗೆ ಕೋಣೆಯಗಲಕ್ಕೂ ಹರಡಿತು. ಅದರ ಮೇಲೆ ಮಂಚ ತೇಲುತ್ತಾ ಬೀದಿ ದಾಟಿತು, ಅಂಗಡಿಗಳನ್ನು ದಾಟಿತು. ದಡದಲ್ಲಿ ನಿಂತ ಯಾರೂ ಅವಳನ್ನು ಕೂಗಲಿಲ್ಲ.

ಅತ್ತೆಯನ್ನು ಕರೆತರಲು ಹೋದ ದಿನ ದಾದಿ ವಿಚಾರಿಸಿದಳು, "ಮೊದಲ್ನೇ ದಿನ ಎಷ್ಟೊತ್ತು ಮಲಗಿದ್ರಿ?"

ಟೈಲರಮ್ಮ ಅತ್ತೆಯತ್ತ ಒಮ್ಮೆ ನೋಡಿ, ತಪ್ಪೊಪ್ಪಿಕೊಳ್ಳುವವಳಂತೆ ಹೇಳಿದಳು: "ಹದಿನಾರು ಗಂಟೆ."