ಜಡ್ಜಿಗೆ ಕೇಳಿಸೀತೆಂದು ನಿಲ್ಲಿಸಿದ ಕೊಬ್ಬರಿ ಕೆಲಸ

ಸ್ನೇಹಿತರೇ, ಇವತ್ತು ಹೈಕೋರ್ಟಿನಲ್ಲಿ ನಮ್ಮ ಮಗಳ ಕೇಸು ಇತ್ತು. ಎಂಬಿಬಿಎಸ್ ಮುಗಿಸಿದ್ದಾಳೆ. ಮುಂದೆ ಎಂಡಿ ಓದಲು ಸೀಟು ಉಳಿದಿದ್ದರೂ, ಕೌನ್ಸೆಲಿಂಗ್ ಮುಗಿಯಿತು, ಕೊಡುವುದಿಲ್ಲ ಎಂದಿದ್ದಾರೆ. ಅದಕ್ಕೇ ಈ ಕೇಸು.

ವಿಚಾರಣೆ ಮೊಬೈಲಿನಲ್ಲಿ ನೇರವಾಗಿ ಕಾಣುತ್ತಿತ್ತು. ಅಂಗಳದಲ್ಲಿ ಕೂಲಿಗೆ ಬಂದಿದ್ದ ರತ್ನಮ್ಮ ಮತ್ತು ಜೊತೆಯವರು ತಿಪಟೂರಿನ ಹರಾಜಿಗೆಂದು ಅಟ್ಟದಿಂದ ಇಳಿಸಿದ ಕಾಯಿಯ ಚಿಪ್ಪು ಒಡೆದು ಕೊಬ್ಬರಿ ಬಿಡಿಸುತ್ತಿದ್ದರು. ನಮ್ಮ ಕೇಸು ಕರೆದ ಕೂಡಲೇ ನಾನು "ಸದ್ದು ಮಾಡ್ಬೇಡಿ ಕಣ್ರವ್ವಾ, ಜಡ್ಜಿಗೆ ಕೇಳುಸ್ತದೆ!" ಎಂದು ಕೂಗಿಬಿಟ್ಟೆ. ಎಲ್ಲರೂ ಮಚ್ಚು ಹಿಡಿದುಕೊಂಡೇ ಉಸಿರೆತ್ತದೆ ಕೂತರು.

ಮಗಳು ನಕ್ಕಳು. "ಅಪ್ಪಾ, ಅವ್ರು ನಮಗೆ ಕಾಣ್ತಾರೆ ಅಷ್ಟೇ. ನಾವು ಅವ್ರಿಗೆ ಕಾಣಲ್ಲ, ಕೇಳ್ಸೋದೂ ಇಲ್ಲ."

"ಅದೇ ಕಣವ್ವ ಈಗ ಆಗಿರೋ ತೊಂದ್ರೆ," ಎಂದರು ರತ್ನಮ್ಮ.

ಅಷ್ಟರಲ್ಲಿ ಎದುರು ಕಡೆಯ ವಕೀಲರು ಸಮಯ ಕೇಳಿದರು. ಕೇಸು ಮುಂದಿನ ವಾರಕ್ಕೆ ಹೋಯಿತು. ಕಾಲೇಜಿನಲ್ಲಿ ಎಂಡಿ ಪಾಠ ಆಗಲೇ ಶುರುವಾಗಿದೆ. ಇನ್ನೂ ತಡವಾದರೆ, ಗೆದ್ದರೂ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ನನಗೆ ದಿಗಿಲು.

ಕಾಲೇಜಿನಲ್ಲಿ ಸೀಟು ಖಾಲಿ ಬಿದ್ದಿದೆ, ಮನೆಯಲ್ಲಿ ಡಾಕ್ಟರು ಖಾಲಿ ಕೂತಿದ್ದಾಳೆ. ಎರಡನ್ನೂ ಸೇರಿಸಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ ನೋಡಿ.