ಮಂಗಳವಾರದ ಬೆಣ್ಣೆ ವಾಸನೆ

ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತ ಹತ್ತೊಂಬತ್ತು ವರ್ಷ ಸವೆಸಿದ ಆ ಹೆಂಗಸಿಗೆ ಒಂದು ವಿದ್ಯೆ ಕರಗತವಾಗಿತ್ತು. ತಾನು ಹತ್ತಿದ ಕೂಡಲೇ ಯಾರು ಕಿಟಕಿಯಾಚೆ ಅತಿ ಆಸಕ್ತಿಯಿಂದ ನೋಡತೊಡಗುತ್ತಾರೆ, ಯಾರಿಗೆ ಥಟ್ಟನೆ ನಿದ್ದೆ ಬರುತ್ತದೆ, ಯಾರು ಕೇಳುವ ಮೊದಲೇ ಜೇಬು ತಡಕುತ್ತಾರೆ ಎಂಬುದು ಅವಳಿಗೆ ಮೆಟ್ಟಿಲ ಮೇಲಿಂದಲೇ ತಿಳಿಯುತ್ತಿತ್ತು. ಡಿಪೋದಲ್ಲಿ ಎಲ್ಲರೂ ಅವಳನ್ನು ಚೆಕಿಂಗಮ್ಮ ಎನ್ನುತ್ತಿದ್ದರು.

ಅವಳೇನು ಹುಟ್ಟಾ ಅನುಮಾನದವಳಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಮುದುಕ ಅವಧಿ ಮುಗಿದ ಪಾಸು ಹಿಡಿದು, ಹೆಂಡತಿ ಆಸ್ಪತ್ರೆಯಲ್ಲಿದ್ದಾಳೆ ತಾಯಿ ಎಂದು ಗಳಗಳನೆ ಅತ್ತಿದ್ದ. ಅವಳೂ ಕಣ್ಣೊರೆಸಿಕೊಂಡು ಬಿಟ್ಟುಬಿಟ್ಟಳು. ಮರುವಾರ ಬೇರೊಂದು ಬಸ್ಸಿನಲ್ಲಿ ಅದೇ ಮುದುಕ, ಅದೇ ಪಾಸು. ಈ ಸಲ ಆಸ್ಪತ್ರೆಯಲ್ಲಿದ್ದವನು ಮಗ. ಅಂದಿನಿಂದ ಅವಳು ಕಣ್ಣೀರಿಗೂ ರಸೀದಿ ಕೇಳುವವಳಾದಳು.

ಹೊರಗೆ ಕಲಿತದ್ದು ಮನೆಗೂ ಬಂತು. ಹಾಲು ತಂದರೆ ಉಗುರಿನ ಮೇಲೆ ಒಂದು ಹನಿ ಬಿಟ್ಟು ಹರಿಯುವುದನ್ನು ನೋಡುವಳು. ಅಂಗಡಿಯವನು ತಕ್ಕಡಿ ಎತ್ತಿದರೆ ಅವನ ಕಿರುಬೆರಳನ್ನೇ ದಿಟ್ಟಿಸುವಳು. ಕೆಳಮನೆಯಲ್ಲಿದ್ದ ನಾದಿನಿ ಒಮ್ಮೆ, "ಅತ್ತಿಗೆ, ನೀವು ಕನ್ನಡಿ ನೋಡ್ಕೊಳ್ಳೋ ಮುಂಚೆನೂ ಅದನ್ನ ತಿರುಗಿಸಿ ಹಿಂದೆ ನೋಡ್ತೀರಿ" ಎಂದಿದ್ದಳು. ಚೆಕಿಂಗಮ್ಮ ನಗಲಿಲ್ಲ. ಯಾಕೆ ಹಾಗೆ ಹೇಳಿದಳು ಎಂದು ಎರಡು ದಿನ ಯೋಚಿಸಿದಳು.

ಅವಳ ತಪಾಸಣೆಯಿಂದ ತಪ್ಪಿಸಿಕೊಂಡಿದ್ದವನು ಒಬ್ಬನೇ, ಗಂಡ. ಅವನು ಗಡಿಯಾರ ರಿಪೇರಿಯವನು. ಮೂಲೆಯ ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಸಂಜೆಯವರೆಗೂ ತಲೆ ಎತ್ತುತ್ತಿರಲಿಲ್ಲ. ಬಾಯಿಗೆ ಬೆರಳಿಟ್ಟರೂ ಕಚ್ಚಲು ಬಾರದ ಪ್ರಾಣಿ ಎಂದು ಸ್ವಂತ ತಂಗಿಯೇ ಹೇಳುತ್ತಿದ್ದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವನು ಅಡುಗೆಮನೆಗೆ ಬಂದದ್ದು ಒಂದೋ ನೀರು ಕುಡಿಯಲು, ಇಲ್ಲವೇ ಅಲ್ಲಿನ ಗೋಡೆ ಗಡಿಯಾರಕ್ಕೆ ಸೆಲ್ ಹಾಕಲು.

ಅಂಥವನು ಒಂದು ಭಾನುವಾರ ಬೆಳಿಗ್ಗೆ ಒಲೆಯ ಮುಂದೆ ನಿಂತಿದ್ದ. ಮೈದಾ ಜರಡಿ ಹಿಡಿದಾಗಿತ್ತು. ಎಡಕ್ಕೆ ಉಪ್ಪು, ಬಲಕ್ಕೆ ಸಕ್ಕರೆ, ನಡುವೆ ಬೇಕಿಂಗ್ ಪೌಡರ್ ಸಾಲಾಗಿದ್ದವು. ಏನಿದು ಎಂದು ಕೇಳಿದರೆ, ಪ್ಯಾನ್‌ಕೇಕ್ ಮಾಡ್ತಿದ್ದೇನೆ, ನೀನು ಹೊರಗಿರು ಎಂದ.

ಹೊರಗಿರು ಎಂದರೆ ಇರುವವಳೇ ಅವಳು? ಮೊದಲು ಕಸದ ಬುಟ್ಟಿ ನೋಡಿದಳು. ನೀರು ಬೆರೆಸಿ ಹುಯ್ಯುವ ರೆಡಿಮೇಡ್ ಹಿಟ್ಟಿನ ಪೊಟ್ಟಣ ಸಿಗಬಹುದೆಂದು ಅಂದಾಜು. ಸಿಕ್ಕದ್ದು ಎರಡು ಮೊಟ್ಟೆಯ ಚಿಪ್ಪು, ಬೆಣ್ಣೆ ಸುತ್ತಿದ್ದ ಕಾಗದ ಮಾತ್ರ. ಬಾಗಿಲಿಗೆ ಒರಗಿ ನಿಂತು ಗಮನಿಸಿದಳು. ಬೇರೆ ಬೇರೆ ಬಟ್ಟಲಿಗೆ ಒಡೆದಿಟ್ಟಿದ್ದ ಮೊಟ್ಟೆಗಳನ್ನು ಅವನು ಒಂದೊಂದಾಗಿ ಮೂಸಿ ಹಿಟ್ಟಿಗೆ ಸುರಿದ. ಈಗ ಲೋಟದ ಅಂಚಿಗೆ ತೋರುಬೆರಳು ಕೊಕ್ಕೆ ಮಾಡಿ ಇಳಿಬಿಟ್ಟು, ಹಾಲು ಬೆರಳ ತುದಿಗೆ ತಾಗುವವರೆಗೆ ಸುರಿದ. ಕೈ ತೊಳೆದಿದ್ದೀರಾ ಎಂದಳು. ಎರಡು ಸಲ ಎಂದ. ಕಲಸಿದ್ದರಲ್ಲಿ ಇನ್ನೂ ಗಂಟುಗಳಿದ್ದವು. ಅವಳು ಸೌಟಿಗೆ ಕೈ ಹಾಕಲು ಹೋದರೆ ತಡೆದ: "ಗಂಟು ಇರ್ಲಿ ಬಿಡು. ಜಾಸ್ತಿ ಕಲಸಿದ್ರೆ ರಬ್ಬರ್ ಆಗುತ್ತೆ."

"ಇದೆಲ್ಲ ನಿಮಗೆ ಯಾರು ಹೇಳಿದ್ದು?"

"ರೇಡಿಯೋದಲ್ಲಿ ಹೇಳ್ತಿದ್ರು."

ಕಾವಲಿಯ ಮೇಲೆ ಬೆಣ್ಣೆ ಕರಗಿಸಿ ಒಂದು ಸೌಟು ಹಿಟ್ಟು ಬಿಟ್ಟ. ಸೌಟಿನಿಂದ ಹರಡಲಿಲ್ಲ, ತಾನಾಗಿ ಹರಡಲು ಬಿಟ್ಟ. ಆಮೇಲೆ ಕೈಗಡಿಯಾರವನ್ನು ಕಿವಿಗೆ ಹಿಡಿದವನ ಹಾಗೆ ತಲೆ ಓರೆ ಮಾಡಿ ನಿಂತ. ಮೊದಲನೆಯದು ಮಗುಚುವಾಗ ಮಡಚಿಕೊಂಡಿತು. ಎರಡನೆಯದು ಹರಿಯಿತು. ಮೂರನೆಯದು ದುಂಡಗೆ, ಕಂದು ಬಣ್ಣಕ್ಕೆ, ಹೂವಿನಷ್ಟು ಹಗುರಾಗಿ ಬಂತು. ಅವಳು ತಿಂದು ನೋಡಿದಳು. ಬಹಳ ಚೆನ್ನಾಗಿತ್ತು. ಅದೇ ಅವಳ ತಲೆಯೊಳಗೆ ಹುಳ ಬಿಟ್ಟಿತು. ಮೊದಲ ದಿನವೇ ಇಷ್ಟು ಚೆನ್ನಾಗಿ ಬಂತೆಂದರೆ ಇದು ಮೊದಲ ದಿನವಲ್ಲ.

ಆ ವಾರವಿಡೀ ಮನೆಯಲ್ಲಿದ್ದಷ್ಟು ಹೊತ್ತೂ ರೇಡಿಯೋ ಹಚ್ಚಿಟ್ಟಳು. ಸುದ್ದಿ ಬಂತು, ಹಾಡು ಬಂತು, ಹಲ್ಲುಪುಡಿಯ ಜಾಹೀರಾತು ಬಂತು. ಪ್ಯಾನ್‌ಕೇಕಿನ ಸುಳಿವೇ ಇಲ್ಲ.

ಒಂದು ಎಳೆ ಸಿಕ್ಕಿದ ಮೇಲೆ ಉಳಿದದ್ದೆಲ್ಲ ಕಾಣತೊಡಗಿತು. ಗಂಡ ಈಚೆಗೆ ಅವಳಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಮಾತಾಡುವಾಗ ಅವನ ನೋಟ ಅವಳ ಕಿವಿಯ ಪಕ್ಕದಲ್ಲೆಲ್ಲೋ ಇರುತ್ತಿತ್ತು. ಪೇಪರ್ ಓದುವುದನ್ನು ಬಿಟ್ಟಿದ್ದ. ಅವಳು ಉಪ್ಪಿನ ಡಬ್ಬಿಯನ್ನು ಎಂದಿನಂತೆ ಬಲಕ್ಕಿಟ್ಟಾಗ, ಯಾವತ್ತೂ ದನಿ ಎತ್ತದವನು, ಇಟ್ಟಲ್ಲಿ ಇಡೋಕೆ ಏನು ಕಷ್ಟ ಎಂದು ರೇಗಿದ. ಎಲ್ಲಕ್ಕಿಂತ ಮಿಗಿಲಾಗಿ, ಮಂಗಳವಾರ ಸಂಜೆ ಅವನು ಬಿಚ್ಚಿಟ್ಟ ಅಂಗಿಯನ್ನು ಎತ್ತಿ ಮೂಸಿದರೆ ಬಿಸಿ ಬೆಣ್ಣೆಯ ವಾಸನೆ. ಮಂಗಳವಾರ ಮನೆಯಲ್ಲಿ ಬೆಣ್ಣೆ ಕರಗಿಸಿರಲಿಲ್ಲ. ಅಂದರೆ ಇನ್ನೊಂದು ಕಡೆ ಇನ್ನೊಂದು ಒಲೆ ಇದೆ.

ಅಂಗಡಿಯ ಪಕ್ಕದಲ್ಲಿ ಬೀಗ ರಿಪೇರಿ ಮಾಡುವವನನ್ನು ಯಾವುದೋ ನೆಪದಲ್ಲಿ ಮಾತಿಗೆಳೆದಳು. ಯಜಮಾನರು ಮಂಗಳವಾರ, ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕ್ತಾರಲ್ಲ, ನಿಮಗೆ ಗೊತ್ತಿಲ್ವಾ ಎಂದು ಅವನೇ ಆಶ್ಚರ್ಯಪಟ್ಟ. ಮನೆಗೆ ಬಂದರೆ ನಾದಿನಿ ಮೆಟ್ಟಿಲ ಬಳಿ ಕಾದಿದ್ದಳು. ಹೇಳಲೋ ಬೇಡವೋ ಎಂದು ಸೆರಗು ಹಿಂಡುತ್ತ, ಕೊನೆಗೆ ಹೇಳಿದಳು: "ಅಣ್ಣ ಬಸ್ ಹತ್ತೋದನ್ನ ನೋಡಿದೆ ಅತ್ತಿಗೆ. ಜೊತೆಗೆ ಯಾರೋ ಹೆಂಗಸು. ಅವಳ ಮೊಣಕೈ ಹಿಡ್ಕೊಂಡಿದ್ದ."

ಚೆಕಿಂಗಮ್ಮ ಕೂಗಾಡಲಿಲ್ಲ. ಟಿಕೆಟ್ ಇಲ್ಲದವನನ್ನು ಅವಳು ಯಾವತ್ತೂ ದೂರದಿಂದ ಕೂಗಿ ಹಿಡಿದವಳಲ್ಲ. ಶುಕ್ರವಾರದ ಡ್ಯೂಟಿಯನ್ನು ಸಹೋದ್ಯೋಗಿಯೊಬ್ಬಳ ಜೊತೆ ಬದಲಾಯಿಸಿಕೊಂಡು, ಅಂಗಡಿಯ ಮುಂದೆ ಹಾಯುವ ಬಸ್ಸನ್ನು ಎರಡು ನಿಲ್ದಾಣ ಆಚೆ ಹತ್ತಿದಳು.

ನಾಲ್ಕನೆಯ ಸಾಲಿನಲ್ಲಿ ಗಂಡ ಕೂತಿದ್ದ. ಪಕ್ಕದಲ್ಲಿ ಹಸಿರು ಕೋಟು ತೊಟ್ಟ, ನಲವತ್ತರ ಆಸುಪಾಸಿನ ಹೆಂಗಸು. ಚೆಕಿಂಗಮ್ಮನ ಕೈ ಅಭ್ಯಾಸದಂತೆ ಕೆಲಸ ಮಾಡಿತು. ಮೊದಲ ಸಾಲು, ಎರಡನೆಯದು, ಮೂರನೆಯದು. ಅವನು ಕಿಟಕಿಯಾಚೆ ನೋಡಲಿಲ್ಲ, ನಿದ್ದೆ ನಟಿಸಲಿಲ್ಲ, ಬೆವರಲೂ ಇಲ್ಲ. ಎಂಥ ಗಟ್ಟಿಗ ಎಂದುಕೊಂಡಳು. ಅವನ ಮುಂದೆ ನಿಂತು, ಅವನು ಎಂದೂ ಕೇಳಿರದ ಡ್ಯೂಟಿಯ ದನಿಯಲ್ಲಿ, "ಟಿಕೆಟ್" ಎಂದಳು.

ಅವನು ಮುಖ ಎತ್ತಿದ. ಒಂದು ಮೊಳ ದೂರದಲ್ಲಿ ನಿಂತ ಹೆಂಡತಿಯ ಕಡೆ ತಿರುಗಿ, ಅಪರಿಚಿತರಿಗೆ ತೋರುವ ಸಣ್ಣ ನಗೆ ನಕ್ಕು, ಜೇಬಿನಿಂದ ಒಂದು ಪಾಸು ತೆಗೆದು ಚಾಚಿದ. ಚಾಚಿದ್ದು ಅವಳ ಕೈಗಲ್ಲ, ಗೇಣು ಆಚೆಯ ಖಾಲಿ ಜಾಗಕ್ಕೆ.

ಅವಳು ಪಾಸು ತೆಗೆದುಕೊಂಡಳು. ದೃಷ್ಟಿದೋಷ ಇರುವವರಿಗೆ ಕೊಡುವ ಪಾಸು. ಮೊದಲು ಬಂದ ಯೋಚನೆ, ಕಳ್ಳ ಪಾಸು! ಅಂಥವನ್ನು ಅವಳು ನೂರಾರು ಹಿಡಿದಿದ್ದಳು. ಹಿಂದೆ ಮುಂದೆ ಎರಡು ಸಲ ತಿರುಗಿಸಿದಳು, ಮೊಹರಿನ ಅಂಚಿನ ಮೇಲೆ ಉಗುರು ಆಡಿಸಿದಳು, ಫೋಟೋ ಎದ್ದುಬರುತ್ತದೋ ಎಂದು ನೋಡಿದಳು. ಎಲ್ಲವೂ ಅಸಲಿ. ಏಳು ತಿಂಗಳ ಹಿಂದಿನ ತಾರೀಕು. ಜೀವಮಾನದಲ್ಲಿ ಮೊದಲ ಬಾರಿಗೆ ಒಂದು ಪಾಸು ನಕಲಿಯಾಗಿರಲಿ ಎಂದು ಅವಳು ಬೇಡಿಕೊಂಡಳು.

ಪಾಸನ್ನು ಅವನ ಅಂಗೈಗೆ ಇಟ್ಟು ಮುಂದೆ ಹೋದಳು. ಐದನೆಯ ಸಾಲಿನಲ್ಲಿ ಯಾರು ಏನು ತೋರಿಸಿದರೋ ಅವಳಿಗೆ ನೆನಪಿಲ್ಲ.

ಅವರಿಬ್ಬರೂ ಇಳಿದಲ್ಲಿ ತಾನೂ ಇಳಿದಳು. ಒಂದು ಹಳೇ ಕಟ್ಟಡದ ನೆಲಮಹಡಿಯ ಕೋಣೆ, ಆರು ಮೇಜು, ಆರು ಸಣ್ಣ ಒಲೆ. ಕಿಟಕಿಯಿಂದ ನೋಡಿದರೆ ಹಸಿರು ಕೋಟಿನವಳು ಏಪ್ರನ್ ಕಟ್ಟಿಕೊಂಡು ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದಳು. ಕಣ್ಣು ಮಂದವಾದವರಿಗೆ ಮನೆಗೆಲಸ ಕಲಿಸುವ ಶಿಕ್ಷಕಿ, ಅವರನ್ನು ಬಸ್ಸಿನಲ್ಲಿ ಕರೆತರುವವಳೂ ಅವಳೇ. ಹಿಟ್ಟಿನ ಸದ್ದು ಜೋರಾಗಿದ್ದಾಗ ಮುಟ್ಟಬೇಡಿ, ಗುಳ್ಳೆ ಒಡೆದು ಸದ್ದು ಸಣ್ಣಗಾದಾಗ ಮಗುಚಿ ಎನ್ನುತ್ತಿದ್ದಳು. ಅಳೆಯುವುದು, ಒಡೆಯುವುದು, ಸುರಿಯುವುದು, ಬಿಸಿಯ ಮುಂದೆ ನಿಲ್ಲುವುದು ಎಲ್ಲವೂ ಪ್ಯಾನ್‌ಕೇಕ್ ಒಂದರಲ್ಲೇ ಬರುತ್ತದೆಂದು ಇದನ್ನೇ ಮೊದಲು ಕಲಿಸುತ್ತಾರಂತೆ. ಗಂಡ ಮೂರನೆಯ ಮೇಜಿನಲ್ಲಿ ತಲೆ ಓರೆ ಮಾಡಿ ನಿಂತಿದ್ದ. ಶಿಕ್ಷಕಿ ಇವಳನ್ನು ಕಂಡು, ಯಾರು ಬೇಕಿತ್ತು ಎಂದು ಬಾಗಿಲಿಗೆ ಬಂದಳು. ಚೆಕಿಂಗಮ್ಮನ ಬಾಯಿಂದ, ತಪಾಸಣೆ, ಎಂಬುದಷ್ಟೇ ಹೊರಟಿತು. ತಿರುಗಿ ನಡೆದಳು.

ಭಾನುವಾರ ಅವನು ಹಿಟ್ಟು ಕಲಸುವಾಗ ಅವಳು ಬಾಗಿಲಿಗೆ ಒರಗಲಿಲ್ಲ, ಒಳಗೆ ಬಂದು ಕೂತಳು.

"ಶುಕ್ರವಾರ ಬಸ್ಸಲ್ಲಿ ನಿಮ್ಮ ಪಾಸು ನೋಡಿದ್ದು ನಾನು."

ಅವನ ಸೌಟು ನಿಂತಿತು. "ಗೊತ್ತು. ಕೈ ತಗುಲಿದಾಗ ಗೊತ್ತಾಯ್ತು."

"ಏಳು ತಿಂಗಳು. ನನ್ನಿಂದ ಮುಚ್ಚಿಟ್ರಲ್ಲ?"

ಅವನು ಸೌಟನ್ನು ಕೆಳಗಿಟ್ಟ. ನೇರ ಎದುರಿಗಿರುವುದೆಲ್ಲ ಒಂದು ಕಲೆಯೊಳಗೆ ಮುಳುಗುತ್ತದೆ, ಅಕ್ಕಪಕ್ಕದ್ದು ಮಾತ್ರ ಕಾಣುತ್ತದೆ. ನಿನ್ನ ಮುಖ ನೋಡಬೇಕೆಂದರೆ ಕಿವಿಯ ಕಡೆ ನೋಡಬೇಕು ಎಂದ. ಸಣ್ಣ ಗಡಿಯಾರಗಳನ್ನೆಲ್ಲ ಬೇರೆ ರಿಪೇರಿಯವನಿಗೆ ದಾಟಿಸುತ್ತಿದ್ದನಂತೆ. ಆಮೇಲೆ ಹೇಳಿದ: "ಹೇಳಿದ ದಿನದಿಂದ ನನ್ನ ಹೆಜ್ಜೆ ಹೆಜ್ಜೆಗೂ ಚೆಕಿಂಗ್ ಶುರುವಾಗುತ್ತೆ. ಒಂದು ಕೆಲಸನಾದ್ರೂ ಯಾರೂ ಕಾಯದೇ ಮಾಡೋಕೆ ಬರ್ಲಿ, ಆಮೇಲೆ ಹೇಳೋಣ ಅಂದ್ಕೊಂಡೆ."

ಇಷ್ಟು ವರ್ಷ ಕಳ್ಳರನ್ನು ಹಿಡಿದ ಕಣ್ಣು, ಮನೆಯೊಳಗೇ ಒಬ್ಬನ ಬೆಳಕು ಇಳಿಯುತ್ತಿದ್ದದ್ದನ್ನು ಕಳ್ಳತನವೆಂದೇ ಓದಿಕೊಂಡಿತ್ತು.

ಹಾಗೆಂದು ಅವಳಿಗೆ ಅಂಟಿಕೊಂಡ ಗುಣವೇನೂ ಸುಟ್ಟುಹೋಗಲಿಲ್ಲ. ಡಾಕ್ಟರನ್ನು ನಂಬದೆ ಇನ್ನೊಬ್ಬರ ಬಳಿ, ಮತ್ತೊಬ್ಬರ ಬಳಿ ಕರೆದೊಯ್ದಳು. ಮೂವರೂ ಒಂದೇ ಮಾತು ಹೇಳಿದಾಗ, ಮೂವರೂ ಸೇರಿಕೊಂಡಿದ್ದಾರೆ ಎಂದಳು. ಹಸಿರು ಕೋಟಿನವಳ ಬಗ್ಗೆ ನಾದಿನಿಯ ಹತ್ತಿರ ಎರಡು ಬಾರಿ ವಿಚಾರಿಸಿದಳು. ಆದರೆ ಡಬ್ಬಿಗಳನ್ನು ಇಟ್ಟಲ್ಲೇ ಇಡತೊಡಗಿದಳು. ಅಂಗಡಿ ಮುಚ್ಚಲಿಲ್ಲ. ಅವನು ದೊಡ್ಡ ಗೋಡೆ ಗಡಿಯಾರಗಳನ್ನು ಮಾತ್ರ ಇಟ್ಟುಕೊಂಡು ಬೆರಳಿನಿಂದ, ಕಿವಿಯಿಂದ ರಿಪೇರಿ ಮಾಡುತ್ತಾನೆ. ಅವಳು ಹೋಗಿ ನೋಡಿಕೊಂಡು ಬರಬೇಕೆಂದು ಎಷ್ಟೇ ಅನ್ನಿಸಿದರೂ ಹೋಗುವುದಿಲ್ಲ.

ಚಳಿಗಾಲದ ಒಂದು ಭಾನುವಾರ, ನಾನೂ ಕಣ್ಣು ಮುಚ್ಚಿ ಮಾಡಿ ನೋಡುತ್ತೇನೆ ಎಂದು ಅವಳೇ ಕಾವಲಿಯ ಮುಂದೆ ನಿಂತಳು. ಒಂದನ್ನು ಸುಟ್ಟಳು, ಒಂದನ್ನು ಒಲೆಯ ಮೇಲೆ ಬೀಳಿಸಿದಳು. ಮೂರನೆಯದು ಚೆನ್ನಾಗಿ ಮಗುಚಿಕೊಂಡಿತು.

"ಕಣ್ಣು ಬಿಟ್ಟೆ ಅಲ್ವಾ?" ಅವನು ಮೇಜಿನಿಂದಲೇ ಕೇಳಿದ.

"ಇಲ್ಲಪ್ಪ."

"ಸದ್ದು ಸಣ್ಣಗಾಗೋ ಮುಂಚೆನೇ ಮಗುಚಿದೆ."

ಅವಳು ಪ್ಯಾನ್‌ಕೇಕನ್ನು ತಟ್ಟೆಗೆ ಹಾಕಿ ಅವನ ಮುಂದಿಟ್ಟಳು. ಒಂದೇ ಕಣ್ಣು ಎಂದಳು, ಅದೂ ಅರ್ಧ.