ಎರಡು ಸಲ ಕೊಟ್ಟ ಕಾಗದ

ಬೆಳಿಗ್ಗೆ ಎಂಟೂವರೆಗೆ ಪುತ್ತೂರು ಸ್ಟ್ಯಾಂಡಿನಲ್ಲಿ ಸುಬ್ರಹ್ಮಣ್ಯದ ಸರಕಾರಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೇಟು ಫ್ರೀ, ಆಧಾರ್ ತೋರಿಸಿದರೆ ಸಾಕು. ಆಧಾರ್ ತೆಗೆಯುವಾಗ ಡಾಕ್ಟರ ಚೀಟಿಯೂ ಜೊತೆಗೆ ಬಂತು. ಗಡಿಬಿಡಿಯಲ್ಲಿ ಒಳಗೆ ತುರುಕಿದೆ.

ನನಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಮಂಗಳೂರಿನ ಡಾಕ್ಟರು ಹೇಳಿ ಮೂರು ತಿಂಗಳಾಗಿತ್ತು. ಇದೇ ಕಾಯಿಲೆಯವರು ಪುತ್ತೂರಿನಲ್ಲಿ ಶನಿವಾರ ಸೇರುತ್ತಾರೆ, ನಿಮ್ಮವರು ಯಾರನ್ನಾದರೂ ಕರ್ಕೊಂಡು ಹೋಗಿ ಎಂದು ಆ ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಿದ್ದರು. ನಾನು ಹೋಗಲಿಲ್ಲ. ಯಾರಿಗೂ ಬಾಯಿ ಬಿಡಬಾರದೆಂದು ಗಂಡನಿಂದ ಆಣೆ ಹಾಕಿಸಿಕೊಂಡಿದ್ದೆ. ಮೂವತ್ತು ವರ್ಷ ಟೈಲರಿಂಗ್ ಮಾಡಿದವಳು, ಊರಿನ ಅರ್ಧ ಹೆಂಗಸರ ಅಳತೆ ನನ್ನ ಬಾಯಲ್ಲೇ ಇತ್ತು. ಅಂಥವಳಿಗೆ ಮರೆವು ಅಂದರೆ ಜನ ನಗಾಡುದಿಲ್ಲವಾ?

ಆವತ್ತಿನ ಕೆಲಸ ಮಗಳ ಮದುವೆಯ ಕಾಗದ ಕೊಡುದು. ನಮ್ಮಲ್ಲಿ ಹತ್ತಿರದವರಿಗೆ ವಾಟ್ಸಾಪಲ್ಲಿ ಕಳಿಸಿದರೆ ಅವರು ಮದುವೆಗೆ ಬಂದ ಹಾಗೆಯೇ! ಮನೆಗೆ ಹೋಗಿ, ಕೂತು, ಬಾಯಿಬಿಟ್ಟು ಹೇಳಬೇಕು. ಗಂಡನಿಗೆ ಮೊಣಕಾಲು ನೋವು. "ಒಬ್ಬಳೇ ಹೋಗ್ಬೇಡ" ಅಂದರು. "ನನಗೆಂತ ಆಗಿದೆ?" ಎಂದು ಹಾರಿದೆ. ಇದ್ದದ್ದು ಮೂರೇ ಮನೆ: ಸವಣೂರು, ಕಾಣಿಯೂರು, ಕಡಬ.

ಸವಣೂರಿನಲ್ಲಿ ಗಂಡನ ಅಕ್ಕ ಲಲಿತಕ್ಕನ ಮನೆ. ನಾನು ಹೊಲಿದ ರವಿಕೆಯಲ್ಲಿ ಯಾವಾಗಲೂ ಕೊಂಕು ಹುಡುಕುವ ಜನ. ಬೆಲ್ಲ, ನೀರು ಕೊಟ್ಟು, ಹುಡುಗ ಎಲ್ಲಿಯವ ಎಂದು ಕೇಳಿದರು. ಕಾಣಿಯೂರಿನ ಗೆಳತಿಯ ಮನೆಯಲ್ಲಿ ಗಂಜಿ, ಚಟ್ನಿ ಉಂಡೆ. ಹೊರಗೆ ತಲೆ ಸುಡುವ ಬಿಸಿಲು. ರಸ್ತೆಗೆ ಬಂದಾಗ ಒಂದು ಬಸ್ಸು ನಿಂತಿತ್ತು, ಹತ್ತಿದೆ. ಸವಣೂರು ಬಂತು, ಇಳಿದೆ.

ಲಲಿತಕ್ಕ ಬಾಗಿಲಲ್ಲಿ ಒಂದು ಗಳಿಗೆ ನನ್ನನ್ನೇ ನೋಡಿದರು. ಮತ್ತೆ ಬೆಲ್ಲ, ನೀರು ತಂದಿಟ್ಟರು. ಕಾಗದವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಹುಡುಗ ಎಲ್ಲಿಯವ?" ಎಂದರು. ನಾನು ಉತ್ಸಾಹದಿಂದ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಟಿವಿಯ ಪಕ್ಕ ಕಣ್ಣು ಹೋಯಿತು. ಮೂಲೆಗೆ ಅರಶಿನ ಹಚ್ಚಿದ ಅದೇ ಕಾಗದ, ಮೇಲೆ ನನ್ನದೇ ಅಕ್ಷರ.

"ಇದು ಯಾರು ಕೊಟ್ಟದ್ದು?"

"ನೀನೇ. ಬೆಳಿಗ್ಗೆ."

ಯಾರ ಮುಂದೆ ಹೀಗಾಗಬಾರದಿತ್ತೋ ಅವರ ಮುಂದೆಯೇ ಆಯಿತು. ನಾಚಿಕೆ ಮುಚ್ಚಲಿಕ್ಕೆ ಸಿಟ್ಟು ಮಾಡಿದೆ. "ಮತ್ತೆಂತಕ್ಕೆ ಸುಮ್ಮನಿದ್ರಿ? ನನ್ನನ್ನು ಮಂಗ ಮಾಡುದಾ?"

"ಕಾಗದ ತಂದವಳಿಗೆ ನೀರು ಕೊಡ್ಲಿಕ್ಕಿಲ್ಲವಾ ಮಾರಾಯ್ತಿ?" ಎಂದರು ಲಲಿತಕ್ಕ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ನನಗೆ ಅಳು ಬಂತು. ಬಾಯಲ್ಲಿ ಹೇಳಲಾಗದೆ ಚೀಟಿ ತೆಗೆದು ಕೊಟ್ಟೆ. ಕನ್ನಡಕ ಹಾಕಿ ಪೂರ್ತಿ ಓದಿದರು, ಮಡಚಿ ನನ್ನ ಕೈಯಲ್ಲೇ ಇಟ್ಟರು. ಒಳಗೆ ಹೋಗಿ ಸೀರೆ ಬದಲಿಸಿ ಬಂದು ಬಾಗಿಲಿಗೆ ಬೀಗ ಹಾಕಿದರು. "ನಡಿ, ಕಡಬ ಬಾಕಿ ಉಂಟಲ್ಲ."

ಕಡಬದ ನನ್ನ ಚಿಕ್ಕಮ್ಮನ ಮನೆಗೆ ಮುಟ್ಟುವಾಗ ನಾಲ್ಕು ಗಂಟೆ. ಚಿಕ್ಕಮ್ಮನಿಗೆ ಹೇಳುವಾಗ ಮದುವೆ ಹಾಲ್‌ನ ಹೆಸರು ಬಾಯಿಗೆ ಬರಲಿಲ್ಲ. ಲಲಿತಕ್ಕನಿಗೆ ಗೊತ್ತಿತ್ತು, ಆದರೆ ಮಾಡಿನ ಹಂಚು ನೋಡುತ್ತಾ ಕೂತರು. ನಾನು ಕಾಗದ ಬಿಡಿಸಿ ಓದಿ ಹೇಳಿದೆ. ಚಿಕ್ಕಮ್ಮನಿಗೆ ಎಂತದೂ ಗೊತ್ತಾಗಲಿಲ್ಲ.

ವಾಪಸು ಬರುವ ಬಸ್ಸು ಸವಣೂರಿನಲ್ಲಿ ನಿಂತಿತು. ಲಲಿತಕ್ಕ ಏಳಲಿಲ್ಲ.

"ನಿಮ್ಮ ಸ್ಟಾಪು," ಎಂದೆ. ಅವರೂ ಮರೆತರೋ ಎಂದು ಒಂದು ಕ್ಷಣ ಸಂತೋಷವಾಯಿತು, ಹೇಳಲಿಕ್ಕೆ ನಾಚಿಕೆಯಾಗುತ್ತದೆ.

"ಗೊತ್ತುಂಟು. ತಮ್ಮನ ಹತ್ತಿರ ಮಾತಾಡ್ಲಿಕ್ಕೆ ಉಂಟು." ನನ್ನ ಕಡೆ ತಿರುಗಿದರು. "ಮದುವೆಗೆ ಎರಡು ಸಲ ಹೇಳಿದಿ. ಶನಿವಾರಕ್ಕೆ ಒಂದು ಸಲವೂ ಹೇಳಲಿಲ್ಲ. ಕರೆಯದೆ ನಾನು ಹೇಗೆ ಬರುದು?"

ಬಸ್ಸು ಹೊರಟಿತು. ಹಿಂದಿನ ಸೀಟಿನಲ್ಲಿ ಜನ ಇದ್ದರು. ಕೇಳಿದರೆ ಕೇಳಲಿ ಎಂದು ಚೀಟಿ ಬಿಡಿಸಿ ಲಲಿತಕ್ಕನ ಮುಂದೆ ಹಿಡಿದೆ.

"ಲಲಿತಕ್ಕ, ನನಗೆ ಮರೆವಿನ ಕಾಯಿಲೆ. ಶನಿವಾರ ನನ್ನ ಜೊತೆ ಬರಬೇಕು."

ಎರಡೂ ಕೈಯಲ್ಲಿ ತೆಗೆದುಕೊಂಡರು.